ಬೇಸ್ತವಾರದ ಮೇಷ್ಟ್ರು

ಗುರುವಾರ, ಬೆಳಿಗ್ಗೆ ಏಳು ಗಂಟೆ. ಸ್ಥಳ ಪಿರಿಯಾಪಟ್ಟಣದ ಹೊಸ ಬಡಾವಣೆಯ ಒಂದು ಮನೆಯ ಅಂಗಳ. ಹಾಜರಿದ್ದವರು ಮನೆಯ ಯಜಮಾನಿ ಸಾವಿತ್ರಮ್ಮ, ಸ್ಕೂಟರ್ ರಿಪೇರಿಯ ಇರ್ಫಾನ್ ಮತ್ತು ನಾನು. ಗೈರುಹಾಜರಾದವರು ಒಬ್ಬರು, ಸಾವಿತ್ರಮ್ಮನ ಯಜಮಾನರು. ಸ್ಕೂಟರ್ ಅವರದು. ಅದರ ಮುಂದಿನ ದೀಪ ಕೆಟ್ಟದ್ದು ಅವರ ಕಾಲದಲ್ಲಿ. ಅದನ್ನು ಸರಿಮಾಡಿಸಬೇಕಾಗಿದ್ದವರೂ ಅವರೇ. ಅವರು ತೀರಿಕೊಂಡು ಈಗ ಕೆಲವು ತಿಂಗಳಾಯಿತು.

ಇರ್ಫಾನ್ ಏಳಕ್ಕೆ ಬರುತ್ತೇನೆ ಎಂದವನು ಏಳಕ್ಕೆ ಮುಂಚೆಯೇ ಬಂದಿದ್ದ. ಶಾಲೆಯಲ್ಲಿ ನನ್ನ ಕೈಯಲ್ಲಿ ಡ್ರಿಲ್ ಮಾಡಿ ಬೆಳೆದವನು. ಈಗ ಎರಡು ಮಕ್ಕಳ ತಂದೆಯಾದರೂ ನನ್ನನ್ನು ಕಂಡರೆ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಹಳೆಯ ಪಂಚೆಯ ಚೂರಿನಲ್ಲಿ ಸ್ಕೂಟರಿನ ಧೂಳು ಒರೆಸುತ್ತಿದ್ದ ಸಾವಿತ್ರಮ್ಮ ಇದ್ದಕ್ಕಿದ್ದಂತೆ ಕೈ ನಿಲ್ಲಿಸಿ ಕೇಳಿದರು.

"ಅಣ್ಣ, ಇವತ್ತು ಯಾವ ವಾರ?"

"ಬೇಸ್ತವಾರ."

ಇರ್ಫಾನ್ ಸ್ಪ್ಯಾನರ್ ಹುಡುಕುವವನಂತೆ ಚೀಲದೊಳಗೆ ಮುಖ ಇಟ್ಟ. ಅವನ ಭುಜ ಕುಲುಕುತ್ತಿತ್ತು. ಸಾವಿತ್ರಮ್ಮನೂ ನಕ್ಕರು. "ಅಂತೂ ಇಂತೂ ಬಂತು ನೋಡಿ, ಬೇಸ್ತವಾರ!"

ಈ ನಗುವಿನ ಕಾರಣ ತಿಳಿಯಬೇಕಾದರೆ ಗೈರುಹಾಜರಾದವರ ವಿಷಯ ಹೇಳಬೇಕು.

ಅವರು ನಮ್ಮ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು, ನಾನು ಪೀಟಿ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ನಮ್ಮದು ಅಕ್ಕಪಕ್ಕದ ಕುರ್ಚಿ. ತೆಳ್ಳಗೆ, ಉದ್ದಕ್ಕೆ, ನಡೆಯುವಾಗ ತಲೆ ಸ್ವಲ್ಪ ಎಡಕ್ಕೆ ವಾಲಿಸಿಕೊಂಡು ಬರುತ್ತಿದ್ದರು. ಜೇಬಿನಲ್ಲಿ ಯಾವಾಗಲೂ ಲವಂಗದ ಪೊಟ್ಟಣ. ತಮ್ಮ ಸ್ವಂತ ಕೆಲಸ ಯಾವುದನ್ನು ಎತ್ತಿದರೂ ಅವರ ಉತ್ತರ ಒಂದೇ. "ಬೇಸ್ತವಾರ ಮಾಡಾನ ಬುಡಿ ಸಾರ್." ಮಂಗಳವಾರ ಕೇಳಿದರೂ ಬೇಸ್ತವಾರ, ಶುಕ್ರವಾರ ಕೇಳಿದರೂ ಬೇಸ್ತವಾರ. ಬೇಸ್ತವಾರವೇ ಹಿಡಿದು ನಿಲ್ಲಿಸಿ ಕೇಳಿದರೆ, "ಇದಲ್ಲ ಸಾರ್, ಬರೋದು."

ಗುರುವಾರ ಶುರುಮಾಡಿದ ಕೆಲಸ ಕೆಡುವುದಿಲ್ಲ ಎಂದು ಅವರ ತಾಯಿ ಹೇಳುತ್ತಿದ್ದರಂತೆ. "ಶುರುನೇ ಮಾಡ್ದೆ ಇರೋ ಕೆಲಸ ಇನ್ನೂ ಕೆಡಲ್ಲ ಸಾರ್" ಎನ್ನುವುದು ಅದಕ್ಕೆ ಇವರು ಸೇರಿಸಿದ ಬಾಲ. ಮಕ್ಕಳು ಅವರಿಗೆ ಬೇಸ್ತವಾರದ ಮೇಷ್ಟ್ರು ಎಂದು ಹೆಸರಿಟ್ಟದ್ದು ಅವರಿಗೂ ಗೊತ್ತಿತ್ತು. ಒಮ್ಮೆ ಅವರು ಜಡತ್ವದ ಪಾಠ ಮಾಡುತ್ತಿದ್ದಾಗ, ನಿಂತ ವಸ್ತು ತಾನಾಗಿ ಕದಲುವುದಿಲ್ಲ ಎನ್ನುವುದಕ್ಕೆ ಉದಾಹರಣೆ ಕೇಳಿದರಂತೆ. ಹಿಂದಿನ ಬೆಂಚಿನಿಂದ ಒಂದು ದನಿ, "ನೀವೇ ಸಾ." ಹೇಳಿದವನು ಯಾರೆಂದು ಪತ್ತೆಯಾಗಲಿಲ್ಲ. ಇವತ್ತು ಇರ್ಫಾನ್ ಚೀಲದೊಳಗೆ ಮುಖ ಇಟ್ಟ ರೀತಿ ನೋಡಿದಾಗ ಪತ್ತೆಯಾಯಿತು ಅನ್ನಿಸಿತು. ಮೇಷ್ಟ್ರು ಆ ದಿನ ಕೋಪ ಮಾಡಿಕೊಳ್ಳಲಿಲ್ಲ. "ಉತ್ತರ ಸರಿ. ಯಾರೇ ಹೇಳಿರ್ಲಿ, ಜಾಣ ಕಣ್ಲಾ," ಎಂದು ಪಾಠ ಮುಂದುವರಿಸಿದರು.

ನಾನು ಬೆಳೆದ ರೀತಿ ಬೇರೆ. ಚಿಕ್ಕಂದಿನಿಂದ ಹಾಸ್ಟೆಲಿನಲ್ಲಿ ಬೆಳೆದವನು. ಗಂಟೆ ಹೊಡೆದರೆ ಏಳಬೇಕು, ಇನ್ನೊಂದು ಗಂಟೆ ಹೊಡೆದರೆ ತಟ್ಟೆಯ ಮುಂದೆ ಕೂರಬೇಕು, ತಡವಾದವನಿಗೆ ಮುದ್ದೆ ಇಲ್ಲ. ಆ ಗಂಟೆ ಈಗಲೂ ನನ್ನ ಹೊಟ್ಟೆಯಲ್ಲಿ ಹೊಡೆಯುತ್ತದೆ. ಇಂಥವನಿಗೂ ಅಂಥವರಿಗೂ ಸ್ನೇಹ ಹೇಗೆ ಎಂದು ಹೆಡ್ಮಾಸ್ಟರೇ ಕೇಳಿದ್ದುಂಟು. ಅದಕ್ಕೆ ಕಾರಣವಿತ್ತು. ಬೇರೆಯವರ ಕೆಲಸಕ್ಕೆ ಅವರಷ್ಟು ಚುರುಕಿನ ಮನುಷ್ಯನನ್ನು ನಾನು ಕಂಡಿಲ್ಲ. ಶಾಲೆಯ ಬೋರ್‌ವೆಲ್ ಮೋಟರ್ ಕೆಟ್ಟರೆ ಅಂಗಿ ಬಿಚ್ಚಿ ಇವರೇ ಮೊದಲು ನಿಲ್ಲುವವರು. ನನ್ನ ಮಗಳ ಮದುವೆಯಲ್ಲಿ ಊಟದ ಪಂಕ್ತಿಯ ಉಸ್ತುವಾರಿ ಅವರದು. ಒಂದು ಪಂಕ್ತಿ ಏಳುವಷ್ಟರಲ್ಲಿ ಇನ್ನೊಂದಕ್ಕೆ ಎಲೆ ಬಿದ್ದಿರುತ್ತಿತ್ತು. ನಾನೇ ಸೀಟಿ ಊದಿ ಮಾಡಿಸಿದ್ದರೂ ಅಷ್ಟು ಅಚ್ಚುಕಟ್ಟಾಗುತ್ತಿರಲಿಲ್ಲ.

ತಮ್ಮದು ಎಂದು ಬಂದರೆ ಮಾತ್ರ ಬೇಸ್ತವಾರ. ಬಲಗಡೆಯ ದವಡೆ ಹಲ್ಲು ಹುಳುಕಾಗಿ ವರ್ಷಗಳಾಗಿದ್ದವು. ಎಡಗಡೆಯಲ್ಲೇ ಅಗಿಯುತ್ತ, ಲವಂಗ ಕಚ್ಚುತ್ತ ಕಾಲ ಹಾಕುತ್ತಿದ್ದರು. ತಲೆ ಎಡಕ್ಕೆ ವಾಲಿದ್ದೂ ಅದರಿಂದಲೇ ಎಂದು ನನ್ನ ಗುಮಾನಿ. ಸ್ಕೂಟರಿನ ಮುಂದಿನ ದೀಪ ಉರಿಯುತ್ತಿರಲಿಲ್ಲ. ಹಾಗಾಗಿ ಎಲ್ಲೇ ಹೋಗಿರಲಿ, ಹೊತ್ತು ಇಳಿಯುತ್ತಿದ್ದಂತೆ ಚಡಪಡಿಸಿ ಎದ್ದು, ಬೆಳಕಿರುವಾಗಲೇ ಮನೆ ಸೇರಿಬಿಡುತ್ತಿದ್ದರು.

ಜನ ಅವರನ್ನು ಸೋಮಾರಿ ಎನ್ನುತ್ತಿದ್ದರು. ಸೋಮಾರಿಗಳನ್ನು ನಾನು ಬಲ್ಲೆ, ನನ್ನ ಇಡೀ ಉದ್ಯೋಗವೇ ಅವರನ್ನು ಎಬ್ಬಿಸುವುದಾಗಿತ್ತು. ಸೋಮಾರಿಗೆ ಒಳ್ಳೆಯ ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಮುಖ ಕಳೆಕಳೆಯಾಗಿರುತ್ತದೆ. ಇವರಿಗೆ ಇವು ಮೂರೂ ಇರಲಿಲ್ಲ.

ಹಲ್ಲು, ದೀಪ ಎಲ್ಲ ಚಿಲ್ಲರೆ ಬಾಬತ್ತು. ದೊಡ್ಡದು ಮನೆ, ಅಂದರೆ ಇವತ್ತು ನಾವು ನಿಂತಿರುವ ಈ ಮನೆ.

ಮನೆ ಕಟ್ಟಿ ಮುಗಿದು, ಸುಣ್ಣಬಣ್ಣ ಆಗಿ, ಬಾಗಿಲಿಗೆ ಬೀಗ ಬಿದ್ದು ಮೂರು ವರ್ಷವಾಗಿತ್ತು. ಗಂಡಹೆಂಡತಿ ಮಾತ್ರ ಸಂತೆಬೀದಿಯ ಹಿಂದಿನ ಬಾಡಿಗೆ ಮನೆಯಲ್ಲೇ ಇದ್ದರು. ಹಾಲುಕ್ಕಿಸದೆ ಹೊಸ ಮನೆಯಲ್ಲಿ ಒಂದು ರಾತ್ರಿಯೂ ಮಲಗುವ ಹಾಗಿಲ್ಲ, ಹಾಲುಕ್ಕಿಸುವ ದಿನವೋ ಗೊತ್ತಾಗುತ್ತಲೇ ಇಲ್ಲ. ಮೊದಲು ಆಷಾಢ ಅಡ್ಡ ಬಂತು. ಆಮೇಲೆ ಪಿತೃಪಕ್ಷ. ಅದು ಕಳೆಯುವಷ್ಟರಲ್ಲಿ ಹೊಗೆಸೊಪ್ಪಿನ ಸುಗ್ಗಿ, ಅಡಿಗೆಯವರು ಸಿಗುವುದಿಲ್ಲ. ಆಮೇಲೆ ಧನುರ್ಮಾಸ. ಆಮೇಲೆ ಪರೀಕ್ಷೆ. ಆಮೇಲೆ ಕೆ.ಆರ್. ನಗರದ ತಂಗಿಯ ಮಗಳು ಬಸುರಿ, ಆಕೆ ಹೆತ್ತು ಬರಲಿ. ಆಕೆ ಹೆತ್ತಳು, ಮಗು ನಡೆಯಿತು, ಮಾತೂ ಕಲಿಯಿತು. ಪುರೋಹಿತರು ಒಂದು ದಿನ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ, "ಮೇಷ್ಟ್ರೇ, ಪಂಚಾಂಗದಲ್ಲಿರೋ ಒಳ್ಳೆ ದಿನ ಎಲ್ಲಾ ಊರೋರ್ಗೆ ಹಂಚಾಯ್ತು. ನಿಮಗೆ ಅಂತ ಎತ್ತಿಟ್ಟಿರೋದೂ ಹಳಸೋಯ್ತದೆ ನೋಡಿ," ಎಂದರು.

ಖಾಲಿ ಮನೆ ಬೀದಿಯವರಿಗೆಲ್ಲ ಆಗಿಬಂದಿತ್ತು. ಎದುರು ಮನೆಯ ನಿಂಗಮ್ಮ ತಾರಸಿಯ ಮೇಲೆ ಸಂಡಿಗೆ ಒಣಗಿಸುತ್ತಿದ್ದರು. ಕ್ರಿಕೆಟ್ ಆಡುವವರು ಗೇಟಿನ ಮೇಲೆ ಸೀಮೆಸುಣ್ಣದಲ್ಲಿ ಮೂರು ಗೆರೆ ಎಳೆದು ವಿಕೆಟ್ ಮಾಡಿಕೊಂಡಿದ್ದರು. ಒಂದು ನಾಯಿ ಮುಂದಿನ ಮೆಟ್ಟಿಲ ಕೆಳಗೆ ಎರಡು ಸಲ ಮರಿ ಹಾಕಿತು. "ನಾಯಿ ಒಕ್ಕಲಾಯ್ತು, ಬಾಣಂತನಾನೂ ಆಯ್ತು. ನೀವ್ ಯಾವಾಗ ಮೇಷ್ಟ್ರೇ?" ಎಂದು ನಿಂಗಮ್ಮ ಕೂಗಿ ಕೇಳುತ್ತಿದ್ದರು. ಕೇಳಿಸಿಕೊಳ್ಳಲು ಮೇಷ್ಟ್ರು ಅಲ್ಲಿ ಇರಬೇಕಲ್ಲ? ಅವರು ಆ ಬೀದಿಗೇ ಬರುವುದನ್ನು ಬಿಟ್ಟಿದ್ದರು. ಶಾಲೆಗೆ ಹತ್ತಿರದ ದಾರಿ ಈ ಮನೆಯ ಮುಂದೆಯೇ ಹೋಗುತ್ತಿತ್ತು. ಅವರು ಕೆರೆಯ ಏರಿ ಸುತ್ತಿಕೊಂಡು ಬರುತ್ತಿದ್ದರು. ನನಗೆ ಅದು ವ್ಯಾಯಾಮ ಎಂದು ಹೇಳಿದ್ದರು. ನಾನು ನಂಬಿ ಹೊಗಳಿಯೂ ಇದ್ದೆ.

ನೋಡನೋಡುತ್ತ ಮನುಷ್ಯ ಕರಗತೊಡಗಿದರು. ಯಾರ ಮನೆಯ ಗೃಹಪ್ರವೇಶಕ್ಕೂ ಹೋಗುವುದಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ಇಟ್ಟಿಗೆ, ಮರಳು ಎಂದು ಬಾಯಿಬಿಟ್ಟರೆ ಇವರು ಸೀಮೆಸುಣ್ಣ ತರಲು ಎದ್ದುಹೋಗುತ್ತಾರೆ. ಯಾರೋ ಗೇಟು ತೆಗೆದ ಸದ್ದಾದರೆ ಎದೆ ಹೊಡೆದುಕೊಳ್ಳುತ್ತದೆ. ಉತ್ತರ ತಪ್ಪಿದ ಮಕ್ಕಳ ಮೇಲೆ ಎಂದೂ ರೇಗದವರು ರೇಗಲು ಶುರುಮಾಡಿದರು, ಆಮೇಲೆ ಅದಕ್ಕೂ ಕೊರಗತೊಡಗಿದರು.

ಸಾವಿತ್ರಮ್ಮನ ಕಷ್ಟ ಬೇರೆ. ಆಕೆ ಹಾಲುಕ್ಕಿಸಲೆಂದೇ ಒಂದು ಹಿತ್ತಾಳೆ ಪಾತ್ರೆ ಕೊಂಡಿದ್ದರು. ಅದನ್ನು ತಿಂಗಳಿಗೊಮ್ಮೆ ಹುಣಸೆಹಣ್ಣು ಹಾಕಿ ಬೆಳಗಿ ಮತ್ತೆ ಅಟ್ಟಕ್ಕೆ ಇಡುವುದು. ಒಂದು ಸಂಜೆ ನಮ್ಮ ಮನೆಗೆ ಬಂದವರು ನನ್ನ ಹೆಂಡತಿಯ ಮುಂದೆ ಕಣ್ಣೀರು ಹಾಕಿದರು.

"ಮನೆ ಮಾತು ಎತ್ತಿದ್ರೆ ಎದ್ದೋಯ್ತಾರೆ ಕಣಕ್ಕ. ಆ ಮನೇಲಿ ನನ್ ಜೊತೆ ಬಾಳಾಕೆ ಅವ್ರಿಗೆ ಇಷ್ಟ ಇಲ್ಲ ಅನ್ಸುತ್ತೆ. ಏನು ಅಂತಾನೂ ಬಾಯ್ಬುಡಲ್ಲ. ಈ ಶ್ರಾವಣದಲ್ಲಿ ಹಾಲುಕ್ಕಿಸ್ದೆ ಇದ್ರೆ ನಾನು ಸರಗೂರಿಗೆ, ನಮ್ಮಣ್ಣನ ಮನೆಗೆ ಹೊಂಟೋಯ್ತೀನಿ. ಪಾತ್ರೆ ತಗಂಡೇ ಹೋಗ್ತೀನಿ."

ಪಾತ್ರೆಯ ಮಾತು ಕೇಳಿ ನನ್ನ ಹೆಂಡತಿಗೆ ನಗು ಬಂತಂತೆ. ಆದರೆ ಸಾವಿತ್ರಮ್ಮ ಹೇಳಿದರೆ ಮಾಡುವ ಹೆಂಗಸು. ಶ್ರಾವಣ ದೂರವಿರಲಿಲ್ಲ.

ಅದೇ ದಿನಗಳಲ್ಲಿ ಮೇಷ್ಟ್ರಿಗೆ ತರಗತಿಯಲ್ಲೇ ಎದೆ ಹಿಡಿದುಕೊಂಡು ಬೆವರು ಬಂತು. ನಾನು ತಡಮಾಡಲಿಲ್ಲ, ಸಿಕ್ಕ ಮೊದಲ ವಾಹನಕ್ಕೆ ಹತ್ತಿಸಿ ಹುಣಸೂರಿಗೆ ಕರೆದೊಯ್ದೆ. ಡಾಕ್ಟರು ಎಲ್ಲ ಪರೀಕ್ಷೆ ಮಾಡಿಸಿ, "ಹೃದಯಕ್ಕೆ ಏನೂ ಆಗಿಲ್ಲ. ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದೀರಿ. ಅದು ನಿದ್ದೆ ಕೆಡಿಸಿ, ಈಗ ಎದೆಗೆ ಬಂದು ತಟ್ಟುತ್ತಿದೆ. ನಂಬಿಕೆಯವರ ಹತ್ತಿರ ಹೇಳಿಕೊಳ್ಳಿ. ಅದರಿಂದಲೂ ಆಗದಿದ್ದರೆ ಮನೋವೈದ್ಯರಿಗೆ ತೋರಿಸೋಣ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ," ಎಂದರು.

"ಮತ್ತೆ ಯಾವಾಗ ಬರಲಿ ಡಾಕ್ಟ್ರೇ?"

ಡಾಕ್ಟರು ಗೋಡೆಯ ಕ್ಯಾಲೆಂಡರ್ ನೋಡಿದರು. "ಗುರುವಾರ ಬನ್ನಿ."

ನಾನು ಕೆಮ್ಮುವಂತೆ ಮಾಡಿ ಹೊರಗೆ ಬಂದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕೂತು ಹೊರಗೆ ನೋಡುತ್ತಿದ್ದರು. ರಸ್ತೆಯ ಎರಡೂ ಬದಿ ಹೊಗೆಸೊಪ್ಪಿನ ಹೊಲ. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನುಗಳ ಮುಂದೆ ಸೌದೆ ಒಟ್ಟಿದ್ದರು. ಕಂಪಲಾಪುರ ಹತ್ತಿರ ಬರುವಾಗ ಮೇಷ್ಟ್ರು ನನ್ನ ಕಡೆ ತಿರುಗದೆಯೇ ಒಂದೇ ಮಾತು ಹೇಳಿದರು.

"ಸಾರ್, ಬಚ್ಚಲುಮನೆ."

"ಅರ್ಜೆಂಟಾ? ತಡೀರಿ, ಕಂಡಕ್ಟರಿಗೆ ಹೇಳಿ ಬಸ್ ನಿಲ್ಲಿಸ್ತೀನಿ."

"ಅಯ್ಯೋ, ಅದಲ್ಲ ಸಾರ್. ನಮ್ ಹೊಸ ಮನೆ ಬಚ್ಚಲು. ಹುಯ್ದ ನೀರು ಒಳಕ್ಕೆ ಬತ್ತದೆ."

ಆಮೇಲೆ ಎಲ್ಲ ಹೊರಗೆ ಬಂತು. ಬಚ್ಚಲಿಗೆ ನೆಲ ಹಾಕುವ ದಿನ ಗಾರೆಯವನು, ನೀರು ಯಾವ ಕಡೆ ಹೊರಗೆ ಬಿಡಬೇಕು ಎಂದು ಕೇಳಿದನಂತೆ. ಇವರು, "ಬೇಸ್ತವಾರ ಹೇಳ್ತೀನಿ ಬುಡಪ್ಪ," ಎಂದರಂತೆ. ಅವನು ಎರಡು ದಿನ ನೋಡಿದ, ಆಮೇಲೆ ಬಾಗಿಲ ಕಡೆ ಇರಬಹುದೆಂದು ಊಹಿಸಿ ನೆಲದ ವಾಟವನ್ನು, ಅಂದರೆ ಇಳಿಜಾರನ್ನು, ಬಾಗಿಲ ಕಡೆಗೇ ಕೊಟ್ಟು ಟೈಲ್ಸ್ ಕೂರಿಸಿಬಿಟ್ಟ. ಮುಂದಿನ ವಾರ ಪೈಪಿನವನು ಬಂದು, ನೀರು ಹೋಗುವ ತೂತನ್ನು ಎದುರು ಮೂಲೆಯಲ್ಲಿ ಕೊರೆದ. ಇಬ್ಬರೂ ತಂತಮ್ಮ ಕೆಲಸ ಚೆನ್ನಾಗಿಯೇ ಮಾಡಿದ್ದರು. ಮೇಷ್ಟ್ರು ಒಬ್ಬರೇ ಇದ್ದಾಗ ಒಂದು ಬಕೆಟ್ ನೀರು ಹುಯ್ದು ನೋಡಿದರು. ನೀರು ತೂತಿನ ಕಡೆ ತಿರುಗಿಯೂ ನೋಡದೆ ಹೊಸ್ತಿಲು ದಾಟಿ ನಡುಮನೆಗೆ ಬಂತು.

"ಅವತ್ತೇ ಹೇಳಿ ಒಡೆಸ್ಬಿಡಬೇಕಿತ್ತಲ್ರೀ."

"ಅವತ್ತು ಸಾಯಂಕಾಲ ಸಾವಿತ್ರಿ ಬಂದು ಹೊಸ್ತಿಲಿಗೆ ಅರಿಶಿನ ಹಚ್ತಾ ಇದ್ಲು ಸಾರ್, ಹಾಡೇಳ್ಕೊಂಡು. ಆ ಹಾಡು ನಿಲ್ಸಾಕೆ ಮನಸ್ಸು ಬರ್ಲಿಲ್ಲ. ನಾಳೆ ಹೇಳಾನ ಅಂದ್ಕೊಂಡೆ. ನಾಳೆ ಹೇಳಿದ್ರೆ ಒಂದೇ ಮಾತು. ವಾರ ಬುಟ್ಟು ಹೇಳಿದ್ರೆ, ವಾರದಿಂದ ಯಾಕ್ ಹೇಳ್ಲಿಲ್ಲ ಅನ್ನೋದಕ್ಕೂ ಒಂದು ಮಾತು ಬೇಕಲ್ಲ? ಈಗ ಮೂರು ವರ್ಷ. ಒಕ್ಕಲಾದ್ರೆ ಜನ ಮೊದಲು ಬಚ್ಚಲಿಗೇ ಹೋಗಿ ನಲ್ಲಿ ತಿರುಗಿಸ್ತಾರೆ. ವಿಜ್ಞಾನದ ಮೇಷ್ಟ್ರ ಮನೇಲಿ ನೀರಿಗೆ ದಾರಿ ಗೊತ್ತಿಲ್ಲ ಅಂತಾರೆ. ಆ ಬಚ್ಚಲು ಇರೋದು ಅಷ್ಟಗಲ ಸಾರ್. ಅದು ಅಷ್ಟೇ ಅದೆ. ನನ್ ನಾಚಿಕೆ ಮಾತ್ರ ಮನೆಗಿಂತ ದೊಡ್ಡದಾಗಿ ಬೆಳಕಂಡು ಕೂತದೆ."

ನಾನು ನಗಬಾರದೆಂದು ತುಟಿ ಕಚ್ಚಿ ಹಿಡಿದೆ, ಆಗಲಿಲ್ಲ. ಮುಂದಿನ ಸೀಟಿನ ಹೆಂಗಸು ತಿರುಗಿ ನೋಡುವಷ್ಟು ನಕ್ಕೆ. ಮೇಷ್ಟ್ರು ನನ್ನ ಮುಖ ನೋಡಿದರು. ಆಮೇಲೆ ಅವರ ತುಟಿಯ ಒಂದು ಬದಿ ಸಡಿಲಾಯಿತು. ಹುಳುಕು ಹಲ್ಲು ಕಾಣುವಂತೆ ಅವರು ನಕ್ಕದ್ದನ್ನು ಅಷ್ಟು ವರ್ಷಗಳಲ್ಲಿ ನಾನು ಮೊದಲ ಸಲ ನೋಡಿದೆ.

ಇನ್ನು ನನ್ನ ಕೆಲಸ ಎಂದುಕೊಂಡೆ. ಮಾರನೆಯ ಬೆಳಿಗ್ಗೆ ಆರಕ್ಕೆ ಹೊಸ ಮನೆಯ ಮುಂದೆ ಗಾರೆಯವನು, ಹಾರೆ, ಸಿಮೆಂಟು, ಎಲ್ಲ ತಯಾರು. ಸೀಟಿಯನ್ನೂ ಕೊರಳಿಗೆ ಹಾಕಿಕೊಂಡು ಹೋದೆ. ಮೇಷ್ಟ್ರು ಇಲ್ಲ! ಮೊದಲ ಬಸ್ಸಿಗೇ ಕೆ.ಆರ್. ನಗರದ ತಂಗಿಯ ಮನೆಗೆ ಪರಾರಿ. ಗಾರೆಯವನು ಹಾರೆಗೆ ಆನಿಕೊಂಡು, "ಸಾ, ಸೀಟಿ ಊದಿ, ಕೇಳ್ಸಿದ್ರೂ ಕೇಳ್ಸೀತು," ಎಂದ. ನಾನು ಸೀಟಿಯನ್ನು ಜೇಬಿಗಿಟ್ಟುಕೊಂಡು ಮನೆಗೆ ಬಂದೆ.

ಆ ದಿನ ಸಂಜೆ ಮೈದಾನದಲ್ಲಿ ಮಕ್ಕಳಿಗೆ ಉದ್ದ ಜಿಗಿತದ ಅಭ್ಯಾಸವಿತ್ತು. ಒಬ್ಬ ಹುಡುಗಿ ಚೆನ್ನಾಗಿ ಓಡಿಬರುತ್ತಾಳೆ, ಗೆರೆಯ ಹತ್ತಿರ ಗಕ್ಕನೆ ನಿಂತುಬಿಡುತ್ತಾಳೆ. ಹೆದರಬೇಡ, ಹಾರು ಎಂದಷ್ಟೂ ಹೆದರುತ್ತಾಳೆ. ಇಂಥ ಮಕ್ಕಳಿಗೆ ನಾನು ಹೇಳುವುದು ಒಂದೇ. "ಹಾರಬೇಡಮ್ಮ. ಓಡಿಬಂದು ಮರಳಿನಲ್ಲಿ ಕಾಲಿಟ್ಟು ವಾಪಸ್ ಹೋಗು, ಅಷ್ಟೇ." ಮೂರು ನಾಲ್ಕು ಸಲ ಹಾಗೆ ಮಾಡಿದ ಮೇಲೆ ಅವಳು ಯಾರೂ ಹೇಳದೆ ಹಾರಿದಳು. ಮರಳು ಕೊಡವಿಕೊಂಡು ಬರುತ್ತಿದ್ದ ಅವಳನ್ನು ನೋಡುವಾಗ ನನಗೆ ಮೇಷ್ಟ್ರ ನೆನಪಾಯಿತು.

ಮಾರನೆಯ ದಿನ ನಾನು ಅವರ ಹತ್ತಿರ ಬಚ್ಚಲಿನ ಮಾತೇ ಎತ್ತಲಿಲ್ಲ. "ಬೆಳಿಗ್ಗೆ ಒಬ್ಬನೇ ವಾಕಿಂಗ್ ಹೋಗೋಕೆ ಬೇಜಾರು. ಜೊತೆಗೆ ಬನ್ನಿ," ಎಂದೆ. ಬೇರೆಯವರ ಕೆಲಸ ತಾನೇ, ತಟ್ಟನೆ ಒಪ್ಪಿದರು. ಮೊದಲ ದಿನ ಆ ಬೀದಿಯ ತುದಿಯವರೆಗೆ ಹೋಗಿ ತಿರುಗಿದೆವು. ಇನ್ನೊಂದು ದಿನ ಗೇಟಿನ ಮುಂದೆ ಹಾದುಹೋದೆವು. ಅವರು ಕತ್ತು ತಿರುಗಿಸಿ ಎದುರು ಮನೆಯ ಸಂಡಿಗೆ ನೋಡುತ್ತಿದ್ದರು. ಆಮೇಲೊಂದು ದಿನ ಗೇಟು ತೆರೆದು ಮೆಟ್ಟಿಲ ಮೇಲೆ ಕೂತು ಫ್ಲಾಸ್ಕಿನ ಕಾಫಿ ಕುಡಿದೆವು. ನಾಯಿ ಬಂದು ನಮ್ಮನ್ನು ಮೂಸಿ, ಯಾರೋ ಬಾಡಿಗೆಯವರು ಇರಬೇಕು ಎಂಬಂತೆ ನೋಡಿ ಹೋಯಿತು. ಕೊನೆಗೆ ಬೀಗ ತೆಗೆದರು. ಒಳಗೆ ಮುಚ್ಚಿದ ಮನೆಯ ಮುಗ್ಗುಲು ವಾಸನೆ. ಕಿಟಕಿ ತೆರೆದರು. ನಡುಮನೆಯಲ್ಲಿ ಒಂದು ಸುತ್ತು ಹಾಕಿದರು. ಆಮೇಲೆ ತಾವಾಗಿಯೇ, "ಒಂದ್ ಬಕೆಟ್ ಹುಯ್ದು ನೋಡಾನ ಸಾರ್?" ಎಂದರು.

"ನಿಮ್ಮಿಷ್ಟ."

ಹುಯ್ದರು. ನೀರು ಮೂರು ವರ್ಷದಿಂದ ಇದಕ್ಕೇ ಕಾದಿದ್ದಂತೆ ಬಾಗಿಲ ಕಡೆ ಬಂತು, ಹೊಸ್ತಿಲು ದಾಟಿತು, ನಡುಮನೆ ಹಾಯ್ದು ಮುಂಬಾಗಿಲ ಕಡೆ ಹೊರಟಿತು. ನಾವಿಬ್ಬರೂ ಅದರ ಹಿಂದೆಯೇ ನಡೆದೆವು. ಮುಂಬಾಗಿಲಲ್ಲಿ ಎರಡು ಪಾದ ಕಂಡವು. ಸಾವಿತ್ರಮ್ಮ! ಗಂಡ ದಿನಾ ನಸುಕಿಗೆ ಪೀಟಿ ಮೇಷ್ಟ್ರ ಜೊತೆ ಹೊಸ ಮನೆಯ ಹತ್ತಿರ ಸುಳಿಯುತ್ತಾನೆ ಎಂದು ನಿಂಗಮ್ಮ ವರದಿ ಒಪ್ಪಿಸಿದ್ದರು.

"ನನಗೆ ತಿಳೀದಂಗೆ ಇಬ್ಬರೂ ಇಲ್ಲೇನ್ ಮಾಡ್ತಾ ಇದೀರಿ?" ಎಂದು ಆಕೆ ಕೇಳುತ್ತಿರುವಾಗಲೇ ನೀರು ಆಕೆಯ ಕಾಲು ಮುಟ್ಟಿತು.

ಮೇಷ್ಟ್ರು ಖಾಲಿ ಬಕೆಟ್ ಹಿಡಿದು ನಿಂತಿದ್ದರು. ನಾನು ಅವರ ಬದಲು ಹೇಳಲು ಹೊರಟವನು ತಡೆದುಕೊಂಡೆ. ಅವರ ಪರವಾಗಿ ನಾನು ಹಾರುವಂತಿರಲಿಲ್ಲ.

"ಬಚ್ಚಲಿನ ವಾಟವೇ ತಪ್ಪು ಸಾವಿತ್ರಿ. ಮೊದಲಿಂದಾನೂ. ನಾನೇ ಹೇಳ್ಲಿಲ್ಲ."

ಸಾವಿತ್ರಮ್ಮ ನೀರನ್ನು ನೋಡಿದರು, ಬಚ್ಚಲನ್ನು ನೋಡಿದರು, ಗಂಡನನ್ನು ನೋಡಿದರು.

"ಇಷ್ಟೇಯಾ?"

"ಹ್ಞೂ."

"ಇದಕ್ಕಾ ಮೂರು ವರ್ಷ ನನ್ ಮುಖ ತಪ್ಪಿಸ್ಕೊಂಡು ತಿರುಗಿದ್ದು? ನಾನು ಏನೇನು ಅಂದ್ಕೊಂಡಿದ್ದೆ ಗೊತ್ತಾ? ನಾನೇ ಬ್ಯಾಡಾಗಿದೀನಿ ಅಂದ್ಕೊಂಡಿದ್ದೆ! ಸರಗೂರಿಗೆ ಹೋಗಾಕೆ ಸೀರೆ ಮಡಚಿಟ್ಟಿದೀನಿ ಕಣ್ರೀ ಮನೇಲಿ!"

ಇಷ್ಟು ಹೇಳಿ ಅತ್ತರು. ಅಳುತ್ತಲೇ ಮೂಲೆಯಲ್ಲಿದ್ದ ಪೊರಕೆ ತೆಗೆದುಕೊಂಡು ನೀರು ಗುಡಿಸತೊಡಗಿದರು. ಗುಡಿಸಿದ ನೀರು ಬಚ್ಚಲೊಳಗೆ ಹೋಗಿ ಮತ್ತೆ ವಾಪಸು ಬಂತು. ಎರಡನೆಯ ಸಲವೂ ಬಂತು. ಮೂರನೆಯ ಸಲಕ್ಕೆ ಆಕೆಗೆ ನಗು ತಡೆಯಲಾಗಲಿಲ್ಲ. ಗಂಡಹೆಂಡತಿ ಇಬ್ಬರೂ ಒದ್ದೆ ನೆಲದ ಮೇಲೆ ನಿಂತು ನಗುತ್ತಿದ್ದಾಗ ನಾನು ಫ್ಲಾಸ್ಕ್ ಎತ್ತಿಕೊಂಡು ಹೊರಟೆ. ನನಗೆ ತಿಂಡಿಯ ಹೊತ್ತಾಗಿತ್ತು.

ಗಾರೆಯವನು ಬಂದು ಮಧ್ಯಾಹ್ನದ ಊಟದೊಳಗೆ ನೆಲ ಕಿತ್ತು ಹೊಸದಾಗಿ ಹಾಕಿದ. ಮೂರು ವರ್ಷ ಇಬ್ಬರ ನಿದ್ದೆ ತಿಂದ ಕೆಲಸ ಒಂದು ಹೊತ್ತಿನದು. ಶ್ರಾವಣದಲ್ಲಿ ಹಿತ್ತಾಳೆ ಪಾತ್ರೆಯಲ್ಲಿ ಹಾಲು ಉಕ್ಕಿತು. ಬಂದ ಜನ, ಮೇಷ್ಟ್ರು ಹೆದರಿದ್ದಂತೆಯೇ, ದೇವರಿಗೆ ಕೈಮುಗಿದು ನೇರವಾಗಿ ಬಚ್ಚಲಿಗೇ ಹೋದರು. ಮೇಷ್ಟ್ರು ಬಾಗಿಲಲ್ಲೇ ಚೊಂಬು ಹಿಡಿದು ನಿಂತಿದ್ದರು. ಬಂದವರಿಗೆಲ್ಲ ನೀರು ಹುಯ್ದು, "ನೋಡಿ, ನೋಡಿ, ಎಂಗೆ ಹೋಯ್ತದೆ ನೋಡಿ," ಎಂದು ತೋರಿಸುತ್ತಿದ್ದರು. ತಮ್ಮ ಕಥೆಯನ್ನೂ ತಾವೇ ಹೇಳಿ ನಗಿಸುತ್ತಿದ್ದರು. ಊಟದ ಹೊತ್ತಿಗೆ ಇಡೀ ಊರಿಗೆ ಗೊತ್ತಾಗಿತ್ತು, ಸಂಜೆಯ ಹೊತ್ತಿಗೆ ಊರು ಮರೆತೂ ಆಗಿತ್ತು. ಪುರೋಹಿತರು ಮಾತ್ರ ಹೋಗುವಾಗ, "ಈಗ ನನ್ ಪಂಚಾಂಗಕ್ಕೆ ಉಸಿರು ಬಂತು," ಎಂದರು.

ಆಮೇಲೆ ಅವರು ಬೇರೆ ಮನುಷ್ಯರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಹಲ್ಲು ಹಾಗೆಯೇ ಇತ್ತು, ಲವಂಗವೂ ಇತ್ತು. ಬೇಸ್ತವಾರವೂ ಇತ್ತು. ಆದರೆ ನಿದ್ದೆ ಬಂತು. ಮೈಗೆ ನಾಲ್ಕು ಕಾಳು ಹತ್ತಿತು. ಏನಾದರೂ ಕೆಲಸ ಮುಂದಕ್ಕೆ ಹೋಗಿ ಮನಸ್ಸಿನಲ್ಲಿ ಕೊರೆಯಲು ಶುರುವಾದರೆ ನನಗೆ ಫೋನ್ ಮಾಡಿ, "ಸಾರ್, ಇನ್ನೊಂದು ಬ... ಬೆಳೀತಾ ಅದೆ," ಎನ್ನುತ್ತಿದ್ದರು. ಬಚ್ಚಲು ಎಂದು ಪೂರ್ತಿ ಹೇಳಬೇಕಾಗಿರಲಿಲ್ಲ. ನಾನು ಫ್ಲಾಸ್ಕ್ ತೆಗೆದುಕೊಂಡು ಹೊರಡುತ್ತಿದ್ದೆ. ಸುಮ್ಮನೆ ಜೊತೆಗೆ ಕೂರುವುದಷ್ಟೇ ನನ್ನ ಕೆಲಸ. ಹೆಚ್ಚಿನ ಸಲ ಕಾಫಿ ಮುಗಿಯುವಷ್ಟರಲ್ಲಿ ಅವರು ಎದ್ದಿರುತ್ತಿದ್ದರು.

ಒಂದು ವಿಷಯದಲ್ಲಿ ಮಾತ್ರ ನಾನು ಸೋತೆ. ಸ್ಕೂಟರಿನ ದೀಪ. ಎಷ್ಟು ಸಲ ಹೇಳಿದರೂ ಆಗಲಿಲ್ಲ. ಒಮ್ಮೆ ಸಾವಿತ್ರಮ್ಮನ ಮುಂದೆಯೇ ಗದರಿದೆ. ಆಕೆ ಅಡಿಗೆಮನೆಯಿಂದಲೇ, "ಅದೊಂದು ಬುಡಿ ಅಣ್ಣ. ದೀಪ ಇಲ್ಲ ಅಂತ ಹೊತ್ತು ಮುಳುಗೋಕೆ ಮುಂಚೆ ಮನೆಗೆ ಬತ್ತಾರೆ. ದೀಪ ಬಂದ್ರೆ ಊರವರ ಕೆಲಸ ಮಾಡ್ಕೊಂಡು ಯಾವ್ ಹೊತ್ತಿಗೆ ಬತ್ತಾರೋ," ಎಂದರು. ಮೇಷ್ಟ್ರು ನನ್ನ ಕಡೆ ನೋಡಿ, "ಬೇಸ್ತವಾರ ನೋಡಾನ ಬುಡಿ ಸಾರ್," ಎಂದು ಕಣ್ಣು ಮಿಟುಕಿಸಿದರು. ನಾನು ಆಗ ಅದನ್ನು ಅವರ ಹಳೆಯ ರೋಗ ಎಂದೇ ಎಣಿಸಿದೆ.

ಒಂದು ಮಂಗಳವಾರ ಬೆಳಿಗ್ಗೆ, ಇದೇ ಮನೆಯಲ್ಲಿ, ಮಲಗಿದ್ದವರು ಏಳಲಿಲ್ಲ. ಸಾವಿಗೆ ಬಂದಿದ್ದ ಪುರೋಹಿತರು ಕಣ್ಣೊರೆಸಿಕೊಳ್ಳುತ್ತ, "ಇದೊಂದನ್ನ ಬೇಸ್ತವಾರದ ತನಕ ಕಾಯಿಸ್ಲಿಲ್ಲ," ಎಂದರು. ಅಷ್ಟು ದುಃಖದಲ್ಲೂ ಸಾವಿತ್ರಮ್ಮ ತಲೆಯಾಡಿಸಿದ್ದನ್ನು ನಾನು ನೋಡಿದೆ.

ಹೋದ ತಿಂಗಳು ಸಾವಿತ್ರಮ್ಮ ನನ್ನನ್ನು ಕರೆಸಿ, ಸ್ಕೂಟರ್ ಕಲಿಸಿ ಎಂದರು. ಸಂಜೆ ಮಹಿಳಾ ಸಂಘಕ್ಕೆ ಹೋಗಿಬರಬೇಕು, ಆಟೋದವರನ್ನು ಕಾಯುವುದು ಬೇಡ ಎಂದು. ಶಾಲೆಯ ಮೈದಾನದಲ್ಲಿ ಕಲಿಸಿದೆ. ಸೀಟಿ ಊದಿದರೆ ನಿಲ್ಲಿಸಬೇಕು ಎಂದಿದ್ದೆ. ಆಕೆ ನಿಲ್ಲಿಸದೆ ಇನ್ನೊಂದು ಸುತ್ತು ಹೊಡೆಯುತ್ತಿದ್ದರು. ಈಗ ಚೆನ್ನಾಗಿ ಬಿಡುತ್ತಾರೆ. ಆದರೆ ಸಂಘ ಮುಗಿಯುವುದು ಕತ್ತಲಾದ ಮೇಲೆ, ದೀಪ ಬೇಕು. ಹಾಗಾಗಿ ಇವತ್ತಿನ ಈ ಬೇಸ್ತವಾರ.

ಇರ್ಫಾನ್ ದೀಪದ ಗಾಜು ಬಿಚ್ಚಿ, ವೈರು ನೋಡಿ, ಬಲ್ಬು ತೆಗೆದು ಬೆಳಕಿಗೆ ಹಿಡಿದ. ತಂತಿ ಸುಟ್ಟು ಕಪ್ಪಾಗಿತ್ತು.

"ವೈರ್ ಎಲ್ಲಾ ಸರಿ ಐತೆ ಸಾ. ಬಲ್ಬ್ ಒಂದೇ ಹೋಗಿರೋದು. ಆದ್ರೆ ಗಾಡಿ ಹಳೇದಲ್ವಾ, ಈ ಬಲ್ಬ್ ಇಲ್ಲೂ ಸಿಗಲ್ಲ, ಹುಣಸೂರಲ್ಲೂ ಸಿಗಲ್ಲ. ಮೈಸೂರಿಂದ ತರಿಸ್ಬೇಕು. ಬರೋ ಬೇಸ್ತ..."

ಅಷ್ಟಕ್ಕೇ ನಾಲಿಗೆ ಕಚ್ಚಿಕೊಂಡ. ನಾನು ಅವನನ್ನು ನೋಡಿದೆ. ಅವನ ಬೆನ್ನು ನೆಟ್ಟಗಾಯಿತು.

ಸಾವಿತ್ರಮ್ಮ ಒರೆಸುವ ಬಟ್ಟೆಯನ್ನು ಒಳಗಿಡಲು ಸೀಟು ಎತ್ತಿದರು. ಅಡಿಯ ಪೆಟ್ಟಿಗೆಯಲ್ಲಿ ಮಳೆಯ ಕೋಟು, ಒಂದು ಲವಂಗದ ಪೊಟ್ಟಣ, ಕೋಟಿನ ಕೆಳಗೆ ಒಂದು ಪುಟ್ಟ ರಟ್ಟಿನ ಡಬ್ಬಿ. ತೆರೆದರು. ಒಳಗೆ ಹೊಸ ಬಲ್ಬು.

ಇರ್ಫಾನ್ ತೆಗೆದುಕೊಂಡು ತಿರುಗಿಸಿ ನೋಡಿದ. "ಇದೇ ಸಾ! ಮೇಷ್ಟ್ರು ತಂದು ಮಡಗವ್ರೆ! ಎರಡು ನಿಮಿಷದ ಕೆಲಸ, ಹಾಕಿಸ್ಕೊಂಡೇ ಇಲ್ವಲ್ಲ!" ಎಂದು ನಕ್ಕ.

ಸಾವಿತ್ರಮ್ಮ ನಗಲಿಲ್ಲ. ಡಬ್ಬಿ ಅವರ ಕೈಯಲ್ಲೇ ಇತ್ತು.

"ನಾನೇ ಬ್ಯಾಡ ಅಂದಿದ್ದೆ ಕಣಪ್ಪ," ಎಂದರು. "ಹೊತ್ತು ಮುಳುಗೋಕೆ ಮುಂಚೆ ಮನೆಗೆ ಬರ್ಲಿ ಅಂತ. ತಂದಿಟ್ಟೂ ಹಾಕಿಸ್ಕೊಂಡಿಲ್ಲ ನೋಡು."

ನನಗೆ ಮೇಷ್ಟ್ರು ಅವತ್ತು ಕಣ್ಣು ಮಿಟುಕಿಸಿದ್ದು ನೆನಪಾಯಿತು.

ಇರ್ಫಾನ್ ಬಲ್ಬು ಕೂರಿಸಿ, ಗಾಜು ಬಿಗಿದು, ಸ್ವಿಚ್ ಒತ್ತಿದ. ಬೆಳಗಿನ ಬೆಳಕಿನಲ್ಲಿ ಸರಿಯಾಗಿ ಕಾಣಲಿಲ್ಲ. ಸ್ಕೂಟರನ್ನು ತಿರುಗಿಸಿ ಮೆಟ್ಟಿಲಿನ ನೆರಳಿಗೆ ಹಿಡಿದೆವು. ಮಲಗಿದ್ದ ನಾಯಿಯ ಮೇಲೆ ಒಂದು ದುಂಡನೆಯ ಬೆಳಕು ಬಿತ್ತು. ಅದು ಎದ್ದು ಮೈಮುರಿದು ಬೇರೆ ಕಡೆ ಹೋಯಿತು.

ಸಾವಿತ್ರಮ್ಮ ಖಾಲಿ ಡಬ್ಬಿಯನ್ನು ಸೀಟಿನ ಕೆಳಗೆ, ಲವಂಗದ ಪಕ್ಕ ಇಟ್ಟರು. ಸೆರಗು ಸಿಕ್ಕಿಸಿಕೊಂಡು ಹತ್ತಿ ಕೂತು, ಗೇಟು ದಾಟಿ ಬೀದಿಗೆ ಇಳಿದರು. ದೀಪ ಉರಿಯುತ್ತಲೇ ಇತ್ತು.

"ಸಾವಿತ್ರಮ್ಮ, ಹಗಲು! ದೀಪ ಆರಿಸಿ!" ಎಂದು ಕೂಗಿದೆ.

ಕೇಳಿಸಿತೋ ಇಲ್ಲವೋ. ಕೆರೆ ಏರಿಯ ಕಡೆ ತಿರುಗಿ ಒಂದು ಸುತ್ತು ಹೋಗಿ, ಬೀದಿಯ ಇನ್ನೊಂದು ತುದಿಯಿಂದ ವಾಪಸು ಬಂದರು. ಗೇಟಿನ ಒಳಗೆ ನಿಲ್ಲಿಸಿ, ಇಳಿದು, ಆಗ ದೀಪ ಆರಿಸಿದರು.

"ಆಯ್ತು ಅಣ್ಣ."

ಗಡಿಯಾರ ನೋಡಿದೆ, ಎಂಟಾಗಲು ಇನ್ನೂ ಸ್ವಲ್ಪ ಹೊತ್ತಿತ್ತು. ಇರ್ಫಾನ್ ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದ. ನಾನು ಫ್ಲಾಸ್ಕಿನ ಮುಚ್ಚಳ ತೆಗೆದು ಮೂರು ಲೋಟಕ್ಕೆ ಕಾಫಿ ಬಗ್ಗಿಸಿದೆ.